ಹಲ್ಲಿನ ಅಂಟು, ನೀರಿನ ನಂಟು

(ಡೌನರ್ಸ್ ಗ್ರೋವ್‌ನಲ್ಲಿ ನಡೆದ ನಮ್ಮ ವಾರ್ಷಿಕ ಸಹಾಯಾರ್ಥ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ಹಲ್ಲಿನ ಅಂಟು" ಎಂದು ನೋಡಿದವರು ಆಗಲೇ ಕೇಳಿದರು: "ನೀವು ಸಾಫ್ಟ್‌ವೇರ್‌ನವರಲ್ಲವೇ? ನಿಮಗೂ ಹಲ್ಲಿಗೂ ಏನ್ರೀ ಸಂಬಂಧ?" ಪ್ರಶ್ನೆ ಸರಿಯಾಗಿಯೇ ಇದೆ. ನನಗೆ ಎರಡು ಸಂಬಂಧಗಳಿವೆ. ಒಂದು, ಇಪ್ಪತ್ತು ವರ್ಷಗಳ ಹಿಂದೆ ಡೆಟ್ರಾಯಿಟ್ ಬಳಿ ಇಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡುವಾಗ ನಾನು ಕೆಲಸ ಮಾಡಿದ ವಿಷಯ ಅಂಟು. ಕಾರಿನ ತಗಡಿಗೆ ತಗಡನ್ನು ಅಂಟಿನಿಂದ ಕೂಡಿಸಿದರೆ ಎಷ್ಟು ಭಾರ ತಡೆಯುತ್ತದೆ ಎಂದು ಎಳೆದು, ಮುರಿದು ನೋಡುವುದು. ಆಮೇಲೆ ಎಲ್ಲರ ಹಾಗೆ ನಾನೂ ಕಂಪ್ಯೂಟರ್ ಮುಂದೆ ಕೂತೆ, ಅದು ಬೇರೆ ಮಾತು. ಇನ್ನೊಂದು ಸಂಬಂಧ ಅಷ್ಟು ಹೆಮ್ಮೆಯದಲ್ಲ. ನಮ್ಮ ಸಂಸ್ಥೆಯ ಹಲ್ಲಿನ ಶಿಬಿರಕ್ಕೆ ಅಂಟಿನ ಬಾಟಲಿಗಳನ್ನು ಕೂಡಿಸಿ ಕಳಿಸಿದವನು ನಾನು. ಆ ಕಥೆಯನ್ನೇ ಇವತ್ತು ಹೇಳಬೇಕಾಗಿದೆ.

ಮೂರು ವರ್ಷದ ಹಿಂದೆ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾವು ಮಕ್ಕಳ ಹಲ್ಲಿನ ಶಿಬಿರ ನಡೆಸಿದ್ದು ನಿಮಗೆ ನೆನಪಿರಬಹುದು. ಈ ಸಂಚಿಕೆಯಲ್ಲೇ ಅದರ ಫೋಟೋಗಳು ಬಂದಿದ್ದವು. ಇಲ್ಲಿನ ಪರಿಚಯದ ದಂತವೈದ್ಯರಿಂದ, ಅವರು ಹೊಸ ಸರಕು ತರಿಸಿದಾಗ ಉಳಿದಿದ್ದ ಬಾಟಲಿಗಳನ್ನು ನಾನು ಬೇಡಿ ತಂದೆ. ಕೆಲವು ಅರ್ಧ ಬಳಸಿದ್ದವು, ಕೆಲವಕ್ಕೆ ಅವಧಿ ಮುಗಿಯಲು ನಾಲ್ಕೈದು ತಿಂಗಳಿತ್ತು. ಒಂದು ಬೇಸಿಗೆಯೆಲ್ಲ ಅವು ನಮ್ಮ ಮನೆಯ ಗರಾಜಿನಲ್ಲಿದ್ದವು. ಆಮೇಲೆ ಹಳೆಯ ಕಂಪ್ಯೂಟರು, ಪುಸ್ತಕಗಳ ಜೊತೆ ಕಂಟೇನರ್ ಸೇರಿ ಹಡಗು ಹತ್ತಿದವು. ಎಲ್ಲ ಪುಕ್ಕಟೆ. ಕಮಿಟಿಯಲ್ಲಿ ನನಗೆ ಚಪ್ಪಾಳೆಯೂ ಸಿಕ್ಕಿತು.

ಮರುವರ್ಷ ಅದೇ ಶಾಲೆಗೆ ಹೋದಾಗ ಹತ್ತು ವರ್ಷದ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದಳು. ಬಿಚ್ಚಿದರೆ ಒಳಗೆ ಜೋಳದ ಕಾಳಿನ ಅರ್ಧದಷ್ಟು ಬಿಳಿ ತುಂಡು. ನಾವು ತುಂಬಿಸಿದ್ದ ಫಿಲ್ಲಿಂಗ್. "ಸಾರ್, ಇದ್ನ ವಾಪಸ್ ಅಂಟಿಸ್ಕೊಡ್ತೀರಾ?" ಎಂದಳು. ಬಿದ್ದು ಐದು ತಿಂಗಳಾಗಿತ್ತಂತೆ. ನಾವು ಬರುತ್ತೇವೆಂದು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅವಳ ಹಿಂದೆ ಇನ್ನೂ ಎಂಟು ಮಕ್ಕಳು ನಿಂತಿದ್ದರು. ಅವಳದು ಆರು ವರ್ಷಕ್ಕೆ ಬರುವ ದವಡೆ ಹಲ್ಲು, ಬಾಳೆಲ್ಲ ಇರಬೇಕಾದದ್ದು. ಫಿಲ್ಲಿಂಗ್ ಬಿದ್ದ ಜಾಗದಲ್ಲಿ ಹುಳುಕು ಆಗಲೇ ಆಳಕ್ಕೆ ಇಳಿದಿತ್ತು.

ನಮ್ಮ ಜೊತೆ ಬಂದಿದ್ದ ದಂತವೈದ್ಯೆ, ನಾವೆಲ್ಲ ಡಾಕ್ಟ್ರಮ್ಮ ಎಂದು ಕರೆಯುವವರು, ಆ ತುಂಡನ್ನು ಲೆನ್ಸಿನ ಕೆಳಗೆ ಹಿಡಿದು ನೋಡಿ ಹೇಳಿದರು: "ಫಿಲ್ಲಿಂಗ್ ಮುರಿದಿಲ್ಲ. ಅಂಟು ಹಿಡಿದಿಲ್ಲ." ನಾನು ಅಂಟಿನ ಮೇಲೆ ಪದವಿ ಪಡೆದವನು! ಆ ರಾತ್ರಿಯಿಂದ ಓದಲು, ಡಾಕ್ಟ್ರಮ್ಮನನ್ನು ಕಾಡಲು ಶುರುಮಾಡಿದೆ. ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ.

ಹಲ್ಲು ಹೊರಗಿನಿಂದ ಒಂದೇ ಕಲ್ಲಿನ ಹಾಗೆ ಕಂಡರೂ ಅದರಲ್ಲಿ ಎರಡು ಪದರಗಳಿವೆ. ಹೊರಗಿನದು ಎನಾಮೆಲ್. ತೂಕದಲ್ಲಿ ಶೇಕಡಾ 96ರಷ್ಟು ಖನಿಜ, ಹೆಚ್ಚು ಕಡಿಮೆ ಕಲ್ಲೇ. ಅದರ ಒಳಗಿನದು ಡೆಂಟಿನ್. ಅದರಲ್ಲಿ ಶೇಕಡಾ 70ರಷ್ಟು ಖನಿಜ, 20ರಷ್ಟು ಕೊಲಾಜೆನ್ ಮೊದಲಾದ ಸಾವಯವ ವಸ್ತು, 10ರಷ್ಟು ನೀರು. ಡೆಂಟಿನ್ ತುಂಬ ಸೂಕ್ಷ್ಮವಾದ ಕೊಳವೆಗಳಿವೆ, ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ. ಅವುಗಳಲ್ಲಿ ದ್ರವವಿರುತ್ತದೆ. ಅಂದರೆ ಜೀವಂತ ಹಲ್ಲು ಒಳಗಿನಿಂದ ಸದಾ ತೇವವಾಗಿರುತ್ತದೆ.

ಮೊದಲು ಸುಲಭದ ಕೆಲಸ, ಎನಾಮೆಲ್. 1955ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ದಂತವೈದ್ಯ ಒಂದು ಪ್ರಯೋಗ ಪ್ರಕಟಿಸಿದರು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲ ಬಳಸುತ್ತಿದ್ದರು. ಡೆಟ್ರಾಯಿಟ್‌ನವರಿಗೆ ಇದು ಹೊಸದಲ್ಲ. ಅದೇ ಉಪಾಯವನ್ನು ಅವರು ಹಲ್ಲಿನ ಮೇಲೆ ಮಾಡಿ ನೋಡಿದರು. ಆಮ್ಲ ತಾಗಿದ ಎನಾಮೆಲ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಬೀಳುತ್ತವೆ. ಊರಲ್ಲಿ ಒರಳುಕಲ್ಲು ನುಣುಪಾದಾಗ ಉಳಿಯಿಂದ ಕಚ್ಚು ಹೊಡೆಸುತ್ತಿದ್ದರಲ್ಲ, ಹಾಗೆ. ಆ ಗುಳಿಗಳಲ್ಲಿ ಅಂಟು ಇಳಿದು, ಗಟ್ಟಿಯಾಗಿ, ಕಚ್ಚಿಕೊಳ್ಳುತ್ತದೆ. ಇದಕ್ಕೆ ಒಣಗಿದ ಮೇಲ್ಮೈ ಒಳ್ಳೆಯದು. ಆಮ್ಲ ತೊಳೆದು ಗಾಳಿ ಊದಿ ಒಣಗಿಸಿದಾಗ ಎನಾಮೆಲ್ ಸುಣ್ಣದ ಹಾಗೆ ಬಿಳಿಚಿಕೊಂಡರೆ ಕೆಲಸ ಸರಿಯಾಗಿದೆ ಎಂಬ ಗುರುತು.

ನನಗೆ ಗೊತ್ತಿದ್ದದ್ದು ಇಷ್ಟೇ. ತಗಡಿನ ವಿಷಯದಲ್ಲೂ ಅಷ್ಟೇ: ತೇವ, ಎಣ್ಣೆ, ಧೂಳು ಇರಬಾರದು. ಹಾಗಾಗಿ ಶಿಬಿರದಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ ನಾನು, "ಚೆನ್ನಾಗಿ ಒಣಗಿಸ್ರಪ್ಪಾ" ಎಂದು ಕೆಲಸ ಕಲಿಯುತ್ತಿದ್ದ ಹುಡುಗರಿಗೆ ಪುಕ್ಕಟೆ ಸಲಹೆ ಕೊಟ್ಟು, ಗಾಳಿಯ ಒತ್ತಡವನ್ನೂ ಏರಿಸಿದ್ದೆ. ನನ್ನ ತಪ್ಪುಗಳಲ್ಲಿ ಇದು ಮೊದಲನೆಯದು.

ಏಕೆಂದರೆ ಹುಳುಕು ಆಳವಾಗಿದ್ದರೆ ಅಂಟು ಹಿಡಿಯಬೇಕಾದದ್ದು ಡೆಂಟಿನ್‌ಗೆ. ಅಲ್ಲಿ ಲೆಕ್ಕ ಬೇರೆ. ಹದಿನೈದು ಸೆಕೆಂಡು ಆಮ್ಲ ಹಾಕಿ ತೊಳೆದರೆ ಮೇಲಿನ ಕೆಲವು ಮೈಕ್ರಾನ್‌ಗಳಷ್ಟು ಖನಿಜ ಕರಗಿಹೋಗಿ, ಕೊಲಾಜೆನ್ ಎಳೆಗಳ ಬಲೆ ಮಾತ್ರ ಉಳಿಯುತ್ತದೆ. ಖನಿಜವಿದ್ದ ಜಾಗದಲ್ಲೀಗ ನೀರು. ಆ ನೀರೇ ಬಲೆಯನ್ನು ಎತ್ತಿ ಹಿಡಿದಿರುತ್ತದೆ. ಅಂಟು ಈ ಬಲೆಯೊಳಗೆ ಇಳಿದು ಎಳೆಎಳೆಯನ್ನೂ ಸುತ್ತಿಕೊಂಡು ಗಟ್ಟಿಯಾಗಬೇಕು. 1982ರಲ್ಲಿ ಜಪಾನಿನ ನೊಬುವೊ ನಕಬಯಾಶಿ ಅವರು ಹೀಗೆ ಅಂಟೂ ಹಲ್ಲೂ ಬೆರೆತು ಆಗುವ ಪದರವನ್ನು ತೋರಿಸಿಕೊಟ್ಟರು. ಅದಕ್ಕೆ ಹೈಬ್ರಿಡ್ ಪದರ ಎಂದು ಹೆಸರು. ಫಿಲ್ಲಿಂಗ್ ನಿಲ್ಲುವುದು ಈ ಪದರದ ಬಲದ ಮೇಲೆ.

ಈಗ ಇದನ್ನು ಜೋರಾಗಿ ಗಾಳಿ ಊದಿ ಒಣಗಿಸಿದರೆ? ಅಡುಗೆ ಮನೆಯ ಉದಾಹರಣೆ ಕೊಡುತ್ತೇನೆ. ಬೇಯಿಸಿ ಬಸಿದ ಶಾವಿಗೆಯನ್ನು ಹಾಗೇ ಒಣಗಲು ಬಿಡಿ. ಎಳೆಗೆ ಎಳೆ ಅಂಟಿಕೊಂಡು ಮುದ್ದೆಯಾಗುತ್ತದೆ. ಆಮೇಲೆ ಎಂಥ ಒಗ್ಗರಣೆ ಸುರಿದರೂ ಮೇಲೆಯೇ ನಿಲ್ಲುತ್ತದೆ, ಒಳಗಿನ ಎಳೆಗೆ ಹತ್ತುವುದಿಲ್ಲ. ಕೊಲಾಜೆನ್ ಬಲೆಗೆ ಆಗುವುದೂ ಅದೇ. ನೀರು ಹೋದ ಕೂಡಲೇ ಬಲೆ ಕುಸಿದು ಚಪ್ಪಟೆಯಾಗುತ್ತದೆ. ಅಂಟು ಮೇಲ್ಮೈಯಲ್ಲೇ ಗಟ್ಟಿಯಾಗುತ್ತದೆ. ಅವತ್ತು ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಬೀಳುವುದು ತಿಂಗಳುಗಳ ಮೇಲೆ.

1990ರ ದಶಕದ ಮೊದಲಲ್ಲಿ ಅಮೆರಿಕದ ಜಾನ್ ಕಾಂಕಾ ಮೊದಲಾದವರು ಇದನ್ನು ಗಮನಿಸಿ, ಡೆಂಟಿನ್ನನ್ನು ತೇವವಾಗಿಟ್ಟೇ ಅಂಟಿಸುವ ಕ್ರಮವನ್ನು ಬಳಕೆಗೆ ತಂದರು. ನೀರು ನಿಂತಿರಬಾರದು, ಆದರೆ ಮೇಲ್ಮೈ ಹೊಳೆಯುತ್ತಿರಬೇಕು. ಗಾಳಿ ಊದುವ ಬದಲು ಹತ್ತಿಯಿಂದ ಒತ್ತಿ ತೆಗೆದರೆ ಸಾಕು. ನೀರು ಹೆಚ್ಚಾದರೂ ಕೆಡುಕೇ. ಅಂಟು ತೆಳುವಾಗಿ, ನೀರಿನ ಹನಿಗಳು ಅದರೊಳಗೆ ಸಿಕ್ಕಿಬೀಳುತ್ತವೆ. ವರ್ಷಗಳು ಕಳೆದಂತೆ ಅಲ್ಲಿಂದಲೇ ಅಂಟು ಸಡಿಲವಾಗುತ್ತದೆ, ರಕ್ಷಣೆಯಿಲ್ಲದ ಕೊಲಾಜೆನ್ ಎಳೆಗಳೂ ಕರಗುತ್ತವೆ. ಹಾಗಾಗಿ ಬೇಕಾದದ್ದು ಹದ. ಅಕಸ್ಮಾತ್ ಹೆಚ್ಚು ಒಣಗಿಸಿಬಿಟ್ಟರೆ ಒದ್ದೆ ಹತ್ತಿ ಮುಟ್ಟಿಸಿ ಕೆಲವು ಸೆಕೆಂಡು ಕಾದರೆ ಬಲೆ ಮತ್ತೆ ಏಳುತ್ತದೆ. ಇದಕ್ಕೆ ಖರ್ಚಿಲ್ಲ, ಗೊತ್ತಿರಬೇಕು ಅಷ್ಟೇ. ನಮ್ಮೂರ ಗಾರೆ ಕೆಲಸದವರಿಗೆ ಇದು ಮೊದಲಿನಿಂದಲೂ ಗೊತ್ತು. ಇಟ್ಟಿಗೆಗೆ ನೀರು ಕುಡಿಸದೆ ಅವರು ಗಾರೆ ಮುಟ್ಟಿಸುವುದಿಲ್ಲ.

ಎರಡನೆಯ ತಪ್ಪು ಬಾಟಲಿಯೊಳಗಿನದು. ಅಂಟಿನ ರಾಳ ಗಟ್ಟಿ ಪದಾರ್ಥ. ಅದನ್ನು ತೆಳು ಮಾಡಿ ಬಲೆಯೊಳಗೆ ಇಳಿಸಲು ಅಸಿಟೋನ್, ಆಲ್ಕೊಹಾಲ್ ಅಥವಾ ನೀರು ಬೆರೆಸಿರುತ್ತಾರೆ. ಅಸಿಟೋನ್ ಬಲೆಯೊಳಗಿನ ನೀರನ್ನು ಹೊರಗಟ್ಟಿ ರಾಳವನ್ನು ಒಳಕ್ಕೆ ಒಯ್ಯುವುದರಲ್ಲಿ ಜಾಣ. ಆದರೆ ಅದಕ್ಕೆ ಎರಡು ದೌರ್ಬಲ್ಯ. ಕುಸಿದು ಒಣಗಿದ ಬಲೆಯನ್ನು ಅದು ಮತ್ತೆ ಎತ್ತಲಾರದು, ಆ ಶಕ್ತಿ ನೀರಿಗೆ ಮಾತ್ರ. ಜೊತೆಗೆ ಅದು ತುಂಬ ಬೇಗ ಆವಿಯಾಗುತ್ತದೆ. ಅದು ಕುದಿಯುವುದೇ 56 ಡಿಗ್ರಿ ಸೆಲ್ಸಿಯಸ್‌ಗೆ. ಉಗುರುಬಣ್ಣದ ಬಾಟಲಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ವಾರದಲ್ಲಿ ಅದು ಹೇಗೆ ಜೇನಿನಂತೆ ಆಗುತ್ತದೆ ಎಂದು ಇಲ್ಲಿರುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಅರ್ಧ ಬಳಸಿದ ಬಾಟಲಿ, ಜುಲೈ ತಿಂಗಳ ಗರಾಜು, ಬಿಸಿಲಿನಲ್ಲಿ ನಿಂತ ಕಂಟೇನರು, ಆಮೇಲೆ ಪಾವಗಡದ ಏಪ್ರಿಲ್. ಶಿಬಿರದಲ್ಲಿ ಸಾಲುಗಟ್ಟಿ ನಿಂತ ಮಕ್ಕಳಿಗೆ ಒಂದೇ ಬಾಟಲಿಯಿಂದ ಹನಿ ಹಾಕುವಾಗ ಮುಚ್ಚಳ ಮೇಜಿನ ಮೇಲೆಯೇ ಇತ್ತು. ಹೀಗೆ ಉಳಿದ ಗಟ್ಟಿ ರಾಳ ಬಲೆಯೊಳಗೆ ಇಳಿಯುವುದು ಕಷ್ಟ. ಹೊಸ ತರಹದ, ಆಮ್ಲ ಬೇರೆ ಹಾಕಬೇಕಿಲ್ಲದ ಅಂಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಅವುಗಳ ಆಮ್ಲ ಕೆಲಸ ಮಾಡಲು ಬಾಟಲಿಯೊಳಗೇ ನೀರು ಇರಬೇಕು, ಬಿಸಿಯಲ್ಲಿ ಅವೂ ಕೆಡುತ್ತವೆ.

ಮೂರನೆಯ ವಿಷಯ ನನ್ನ ತಪ್ಪಲ್ಲ, ಆದರೆ ನಾನು ಯೋಚಿಸಬೇಕಿತ್ತು. ಪಾವಗಡದ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ಬಾವಿಗಳು ಅಲ್ಲಿ ಹಲವು. ವಿಚಿತ್ರ ನೋಡಿ, ಇದೇ ಫ್ಲೋರೈಡನ್ನು ಹಲ್ಲಿನ ರಕ್ಷಣೆಗೆಂದು ನಲ್ಲಿ ನೀರಿಗೆ ಬೆರೆಸಲು ಜಗತ್ತಿನಲ್ಲೇ ಮೊದಲು ಶುರುಮಾಡಿದ್ದು ಮಿಶಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ, 1945ರ ಜನವರಿಯಲ್ಲಿ. ನಮ್ಮ ಪಕ್ಕದ ಇವಾನ್‌ಸ್ಟನ್‌ನಲ್ಲಿ 1947ರಲ್ಲಿ ಆರಂಭವಾಯಿತು. ಇಲ್ಲಿ ಶಿಫಾರಸು ಮಾಡಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ ಮಾತ್ರ. ಅಷ್ಟಿದ್ದರೆ ಹಲ್ಲಿಗೆ ಬಲ, ಹಲವು ಪಟ್ಟು ಹೆಚ್ಚಾದರೆ ಹಲ್ಲಿಗೆ ಕಂದು ಕಲೆ, ಮೂಳೆಗೂ ತೊಂದರೆ. ಕಲೆ ಬಿದ್ದ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಡೌನರ್ಸ್ ಗ್ರೋವ್‌ನ ಮಗುವಿನ ಹಲ್ಲಿಗೆ ಸಾಕಾಗುವ ಸಮಯ ಅಲ್ಲಿನ ಮಗುವಿನ ಹಲ್ಲಿಗೆ ಸಾಕಾಗದೇ ಇರಬಹುದು. ಇಲ್ಲಿನ ಬಾಟಲಿಯನ್ನು ಇಲ್ಲಿನ ಸೂಚನೆಯ ಜೊತೆಗೇ ಅಲ್ಲಿಗೆ ಸಾಗಿಸಿದರೆ ಸಾಲದು.

ಹಾಗಾದರೆ ಏನು ಮಾಡಬೇಕು? ಡಾಕ್ಟ್ರಮ್ಮ ತೋರಿಸಿದ ದಾರಿ ಗ್ಲಾಸ್ ಅಯನೋಮರ್ ಎಂಬ ಸಿಮೆಂಟು. 1969ರಲ್ಲಿ ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಇದನ್ನು ರೂಪಿಸಿದರು. ಗಾಜಿನ ಪುಡಿ ಮತ್ತು ಆಮ್ಲದ ದ್ರಾವಣ ಕಲಸಿದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಇದಕ್ಕೆ ಬೇರೆ ಅಂಟು ಬೇಡ, ಕೊಲಾಜೆನ್ ಬಲೆಯನ್ನು ಕಾಯುವ ಕಷ್ಟವಿಲ್ಲ, ಹಲ್ಲಿನ ಕ್ಯಾಲ್ಸಿಯಂ ಜೊತೆಗೇ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. 1980ರ ದಶಕದ ನಡುವೆ ತಾಂಜಾನಿಯಾದಲ್ಲಿ, ಕರೆಂಟಿಲ್ಲದ ಹಳ್ಳಿಗಳಲ್ಲಿ, ಕೈ ಉಪಕರಣದಿಂದಲೇ ಹುಳುಕು ಕೆರೆದು ಹಲ್ಲು ತುಂಬಿಸುವ ಕ್ರಮ ಶುರುವಾಯಿತು. ಆಮೇಲೆ ಅದಕ್ಕೆ ಮುಖ್ಯವಾಗಿ ಬಳಕೆಯಾದದ್ದು ಈ ಸಿಮೆಂಟೇ.

ಇದರಲ್ಲೂ ನೀರಿನ ಲೆಕ್ಕವಿದೆ. ಗಟ್ಟಿಯಾದ ಮೇಲೂ ನೀರು ಈ ಸಿಮೆಂಟಿನ ಮೈಯ ಭಾಗ. ಮೊದಲ ಗಂಟೆಗಳಲ್ಲಿ ಆ ನೀರು ಆರಿಹೋದರೆ ಮೇಲೆಲ್ಲ ಕೂದಲೆಳೆಯ ಬಿರುಕು. ಹೊಸ ಮನೆ ಕಟ್ಟಿದವರು ಗೋಡೆಗೆ, ತಾರಸಿಗೆ ದಿನಾ ನೀರು ಹೊಡೆದದ್ದನ್ನು ನೆನಪಿಸಿಕೊಳ್ಳಿ. ಬಾಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಮೊದಲಲ್ಲಿ ಜೊಲ್ಲು ತಾಗಿದರೂ ಮೇಲ್ಮೈ ಕೆಡುತ್ತದೆ. ಅದಕ್ಕೆ ತುಂಬಿಸಿದ ಕೂಡಲೇ ವಾರ್ನಿಶ್ ಅಥವಾ ವ್ಯಾಸಲೀನ್ ಸವರಬೇಕು. ಒಳಗಿನ ನೀರು ಒಳಗೆ, ಹೊರಗಿನದು ಹೊರಗೆ. ಈ ಸಿಮೆಂಟು ಬೇಗ ಸವೆಯುತ್ತದೆ, ಎಲ್ಲ ಹಲ್ಲಿಗೂ ಇದೇ ಉತ್ತರವಲ್ಲ ಎಂಬುದೂ ನಿಜ. ಯಾವ ಹಲ್ಲಿಗೆ ಯಾವುದು ಎಂದು ದಂತವೈದ್ಯರೇ ನೋಡಿ ಹೇಳಬೇಕು.

ನಡುವೆ ಮನೆಯ ಮಾತೊಂದು. ಕಳೆದ ವರ್ಷ ನಮ್ಮ ತಂದೆ ಇಲ್ಲಿಗೆ ಬಂದಿದ್ದಾಗ ಅವರ ಹಲ್ಲಿನ ಕ್ಯಾಪ್ ಬಿತ್ತು. ಇಲ್ಲಿನ ಡಾಕ್ಟರ ಬಿಲ್ಲು ಕೇಳಿ ಗಾಬರಿಯಾಗಿ, ಗರಾಜಿನಲ್ಲಿದ್ದ ಸೂಪರ್ ಗ್ಲೂ ತಂದು ತಾವೇ ಅಂಟಿಸಿಕೊಂಡು, "ಆಯ್ತು ಬಿಡೋ, ನೂರಾರು ಡಾಲರ್ ಉಳೀತು" ಎಂದರು. ಆ ಗೋಂದು ತೇವ ತಾಗಿದ ಕ್ಷಣವೇ ಗಟ್ಟಿಯಾಗುವಂಥದ್ದು, ಹಾಗಾಗಿ ಬಾಯಲ್ಲಿ ಗಟ್ಟಿಯಾಗಿಯೇ ಕೂತಿತು, ಆದರೆ ಓರೆಯಾಗಿ! ಬಿಡಿಸಲು ಇನ್ನೂ ಹೆಚ್ಚು ಖರ್ಚಾಯಿತು. ಊರಿನಿಂದ ತಂದೆತಾಯಂದಿರು ಬಂದಾಗ ದಯವಿಟ್ಟು ಈ ಬಾಟಲಿಯನ್ನು ಎತ್ತಿಡಿ. ಬಿದ್ದ ಕ್ಯಾಪನ್ನು ಡಬ್ಬಿಯಲ್ಲಿ ಹಾಕಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈಗ ಮುಖ್ಯ ಮಾತು. ಆ ಒಂಬತ್ತು ಮಕ್ಕಳಲ್ಲಿ ಯಾರ ಫಿಲ್ಲಿಂಗ್ ಒಣಗಿಸಿದ್ದರಿಂದ ಬಿತ್ತು, ಯಾರದು ಕೆಟ್ಟ ಬಾಟಲಿಯಿಂದ, ಯಾರದು ಫ್ಲೋರೈಡಿನಿಂದ ಎಂದು ವಿಂಗಡಿಸಿ ಹೇಳಲು ಬರುವುದಿಲ್ಲ. ಎಲ್ಲವೂ ಕೂಡಿಯೇ ಕೆಲಸ ಮಾಡಿರಬಹುದು. ಆದರೆ ಬಾಟಲಿ ಕಳಿಸಿದವರು ನಾವು. ಈ ವಿಷಯವನ್ನು ಹಣ ಕೂಡಿಸುವ ಸಂಜೆಯಲ್ಲಿ ಹೇಳಬೇಕೇ, ಸಂಚಿಕೆಯಲ್ಲಿ ಹಾಕಬೇಕೇ ಎಂದು ಕಮಿಟಿಯಲ್ಲಿ ಚರ್ಚೆಯಾಯಿತು. ದಾನಿಗಳು ಬೇಸರ ಮಾಡಿಕೊಂಡಾರು ಎಂಬ ಹೆದರಿಕೆ. ಕೊನೆಗೆ ಹೇಳುವುದೇ ಸರಿ ಎಂದು ಎಲ್ಲರೂ ಒಪ್ಪಿದರು. ನಿಮ್ಮ ದುಡ್ಡು, ನಿಮಗೆ ಗೊತ್ತಿರಬೇಕು.

ನಮ್ಮಲ್ಲಿ ಒಂದು ಗಾದೆ ಇದೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ತೆಗೆದುಕೊಂಡವರನ್ನು ಹಾಸ್ಯ ಮಾಡುವ ಗಾದೆ ಅದು. ನನಗೀಗ ಅನ್ನಿಸುವುದು, ಕೊಡುವವರೇ ಕೊಡುವ ಮೊದಲು ಮೊಳ ಹಾಕಿ ನೋಡಬೇಕು. ಪುಕ್ಕಟೆ ಸಿಕ್ಕಿತೆಂದು ಕಳಿಸಿದ ಬಾಟಲಿಗೆ ಆ ಹುಡುಗಿ ತನ್ನ ದವಡೆ ಹಲ್ಲಿನಿಂದ ಬೆಲೆ ಕೊಟ್ಟಳು. ಆ ಹಲ್ಲಿಗೆ ಆಮೇಲೆ ಬೇರಿನ ಚಿಕಿತ್ಸೆ ಮಾಡಿಸಬೇಕಾಯಿತು. ಹಲ್ಲು ಉಳಿದಿದೆ ಎಂಬುದೇ ಸಮಾಧಾನ.

ಆದ್ದರಿಂದ ಈ ವರ್ಷ ನಿಮ್ಮ ಮುಂದೆ ಇಡುತ್ತಿರುವ ಕೋರಿಕೆ ಇದು. ಇನ್ನು ಮುಂದೆ ಇಲ್ಲಿಂದ ಉಳಿಕೆ ಬಾಟಲಿಗಳನ್ನು ನಾವು ಕಳಿಸುವುದಿಲ್ಲ. ಬೇಕಾದ ಸಾಮಗ್ರಿಯೆಲ್ಲ ಬೆಂಗಳೂರಿನಲ್ಲೇ ಹೊಸದಾಗಿ ಸಿಗುತ್ತದೆ. ಶಿಬಿರಕ್ಕೆ ವಾರ ಮೊದಲು ಕೊಳ್ಳುತ್ತೇವೆ. ಅಂಟು ಬೇಕಾದಲ್ಲಿ ಒಂದು ಸಲಕ್ಕೆ ಒಂದರಂತೆ ಒಡೆಯುವ ಚಿಕ್ಕ ಪೊಟ್ಟಣಗಳನ್ನೇ ಬಳಸುತ್ತೇವೆ. ದುಬಾರಿ ಹೌದು, ಆದರೆ ಒಳಗಿನ ದ್ರವ ಆರುವುದಿಲ್ಲ. ಸಾಗಿಸಲು ಐಸ್ ಪೆಟ್ಟಿಗೆ, ಅದರೊಳಗೆ ಒಂದು ಥರ್ಮಾಮೀಟರ್. ಎಲ್ಲಕ್ಕಿಂತ ಮುಖ್ಯವಾಗಿ, ಆರು ತಿಂಗಳ ಮೇಲೆ ಅದೇ ಶಾಲೆಗೆ ಮರುಭೇಟಿ. ಎಷ್ಟು ಹಲ್ಲು ತುಂಬಿಸಿದೆವು ಎಂಬುದರ ಜೊತೆಗೆ ಎಷ್ಟು ನಿಂತಿವೆ ಎಂಬುದನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಇದರಿಂದ ಶಿಬಿರಗಳ ಸಂಖ್ಯೆ ವರ್ಷಕ್ಕೆ ಮೂರರಿಂದ ಎರಡಕ್ಕೆ ಇಳಿಯಬಹುದು. ಸಾಫ್ಟ್‌ವೇರ್‌ನವನಾಗಿ ಹೇಳುತ್ತೇನೆ, ಟೆಸ್ಟ್ ಮಾಡದೆ ಬಿಟ್ಟ ಪ್ರೋಗ್ರಾಂ ಮುಗಿದ ಕೆಲಸವಲ್ಲ.

ಆ ಹಾಳೆಯ ಪೊಟ್ಟಣ ನನ್ನ ಹತ್ತಿರವೇ ಇದೆ. ಆಫೀಸಿನ ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಂಡಿದ್ದೇನೆ. ಈ ಸಂಜೆ ನೀವು ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಚೆಕ್ ಹಾಕುವಾಗ ಅದರ ಪಕ್ಕದಲ್ಲಿರುವ ಚೀಟಿಯನ್ನೂ ಒಮ್ಮೆ ನೋಡಿ. ಪ್ರತಿಯೊಂದು ಸಾಮಾನು ಏನು, ಏಕೆ ಬೇಕು ಎಂದು ಬರೆದಿದ್ದೇವೆ. ಪ್ರಶ್ನೆ ಕೇಳಿ, ತಪ್ಪಿದ್ದರೆ ಹೇಳಿ.

 ಊಟಕ್ಕೆ ಹೋಳಿಗೆ ಇದೆಯಂತೆ. ಮಕ್ಕಳೇ, ಧಾರಾಳವಾಗಿ ತಿನ್ನಿ, ಆದರೆ ಮಲಗುವ ಮುಂಚೆ ಹಲ್ಲುಜ್ಜಿ. ಹುಟ್ಟುವಾಗ ದೇವರು ಅಂಟಿಸಿದ ಎನಾಮೆಲ್‌ನಷ್ಟು ಚೆನ್ನಾಗಿ ಅಂಟಿಸಲು ಯಾವ ಇಂಜಿನಿಯರಿಗೂ ಇನ್ನೂ ಬಂದಿಲ್ಲ.